ಅಪ್ಪನ ನೀರ್ಗುಂಡಿ, ನನ್ನ ಜ್ವರಗಡ್ಡೆ

ನಾನು ಫುಟ್‌ಬಾಲ್ ಆಡಿ ಹೊಟ್ಟೆ ಹೊರೆದವನು ಎಂದು ಗೊತ್ತಾದ ಕೂಡಲೇ ಜನರ ಕಣ್ಣು ನನ್ನ ಮಂಡಿಗೆ ಹೋಗುತ್ತದೆ. "ಎಲ್ಲಿ ಮುರಿದಿತ್ತು ಗೌಡ್ರೆ?" ಎಂದು ಕೇಳುತ್ತಾರೆ. ಎಲ್ಲೂ ಮುರಿದಿರಲಿಲ್ಲ. ಬೂಟು ಹಾಕಿದ ಸೋಲ್ಜರುಗಳು ನನ್ನ ಬರಿಗಾಲಿನ ಮೇಲೆ ಹತ್ತಿ ಇಳಿದು ಆಡಿದ್ದಾರೆ, ಆಗಲೂ ಒಂದು ಮೂಳೆ ಸದ್ದು ಮಾಡಲಿಲ್ಲ. ನನ್ನನ್ನು ಒಂದಿಷ್ಟು ಕಾಲ ಮೈದಾನದಿಂದ ಎತ್ತಿ ಆಚೆಗಿಟ್ಟದ್ದು ನಮ್ಮ ಮನೆ ಹಿತ್ತಲಿನ ಸೊಳ್ಳೆ. ಹಾಗೆಂದರೆ ಕೇಳಿದವರ ಮುಖ ಸಪ್ಪಗಾಗುತ್ತದೆ. ಮೂಳೆ ಮುರಿದುಕೊಂಡವನಿಗೆ ಸಿಗುವ ಮರ್ಯಾದೆ ಚಳಿಜ್ವರದವನಿಗೆ ಯಾವ ಕಾಲಕ್ಕೂ ಸಿಕ್ಕಿಲ್ಲ.

ಆದರೂ ಬರೆಯುತ್ತಿದ್ದೇನೆ. ನಡುಮಧ್ಯಾಹ್ನದ ಬಿಸಿಲಲ್ಲಿ ಕಂಬಳಿ ಹೊದ್ದು ಹಲ್ಲು ಕಟಕಟ ಎನ್ನಿಸುತ್ತಾ ಕೂತವರನ್ನು ಈಗಲೂ ಜಗಲಿಗಳ ಮೇಲೆ ಕಾಣುತ್ತೇನೆ. ಅವರ ಸುತ್ತ ನಾಲ್ಕು ಜನ ನಿಂತು ನಾಲ್ಕು ಬುದ್ಧಿ ಹೇಳುತ್ತಿರುತ್ತಾರೆ. ಜ್ವರಕ್ಕಿಂತ ಆ ಬುದ್ಧಿ ಹೇಳುವವರನ್ನು ತಾಳಿಕೊಳ್ಳುವುದು ಕಷ್ಟ ಎಂದು ನಿಮಗೆ ಅನ್ನಿಸಿದ್ದರೆ, ನನಗೂ ಹಾಗೇ ಅನ್ನಿಸಿತ್ತು ಎಂದು ತಿಳಿಯಿರಿ.

ನಮ್ಮದು ಹನಕೆರೆ ಸ್ಟೇಷನ್ನಿನಿಂದ ರೈಲಿನ ಸಿಳ್ಳು ಕೇಳಿಸುವಷ್ಟು ದೂರದ ಹಳ್ಳಿ. ಮಂಡ್ಯದ ಸ್ಕೂಲಿನಲ್ಲಿ ಓದಲು ಹೋದವನು ಅಲ್ಲಿ ಪಾಠಕ್ಕಿಂತ ಚೆಂಡನ್ನು ಚೆನ್ನಾಗಿ ಕಲಿತೆ. ಬೆಂಗಳೂರಿನ ಒಂದು ಗಿರಣಿಯವರು ನೂಲು ಸುತ್ತುವ ಕಡೆ ಹೆಸರಿಗೊಂದು ಕೆಲಸ ಕೊಟ್ಟು ಟೀಮಿಗೆ ಸೇರಿಸಿಕೊಂಡರು. ಅಲ್ಲಿಂದ ಕೋಲಾರದ ಚಿನ್ನದ ಗಣಿ, ಆಮೇಲೆ ಮದರಾಸು, ಆಮೇಲೆ ಕಲ್ಕತ್ತ, ಒಂದು ಸಲ ಹಡಗು ಹತ್ತಿ ರಂಗೂನು, ಮತ್ತೆ ಬೆಂಗಳೂರು. ಊರು ಬದಲಾದರೂ ನನ್ನ ಜಾಗ ಬದಲಾಗಲಿಲ್ಲ. ನಾನು ಬ್ಯಾಕ್. ನಮ್ಮ ಗೋಲಿನ ಮುಂದೆ ನಿಂತು, ಮೇಲೆ ಬಿದ್ದು ಬರುವವರನ್ನು ತಡೆಯುವವನು. ಕಾಲು ಸಿಗದಿದ್ದರೆ ತೊಡೆ, ತೊಡೆ ಸಿಗದಿದ್ದರೆ ಹೊಟ್ಟೆ ಕೊಟ್ಟು ಚೆಂಡು ತಡೆಯಬೇಕು. ಗೋಲು ಹೊಡೆದವರಿಗೆ ಹಾರ ಹಾಕುತ್ತಾರೆ, ಬ್ಯಾಕಿಗೆ ಅವನು ತಪ್ಪು ಮಾಡಿದ ದಿನ ಮಾತ್ರ ಹೆಸರು ಹಿಡಿದು ಬೈಯುತ್ತಾರೆ. ನನಗೆ ಅದು ಒಗ್ಗಿತ್ತು. ಹೂಗ್ಲಿಯ ನೀರು, ರಂಗೂನಿನ ಬಂದರಿನ ನೀರು, ಯಾವ ಯಾವುದೋ ಧರ್ಮಛತ್ರದ ಕೊಳೆತ ಬಾವಿಯ ನೀರು ಎಲ್ಲ ಕುಡಿದು ಒಂದು ಸೀನೂ ಸೀನದೆ ಇದ್ದವನು ನಾನು.

ಮೂವತ್ತರ ದಶಕದ ನಡುವೆ ಒಂದು ಬೇಸಿಗೆ, ಆಟದ ಕಾಲ ಮುಗಿಸಿ ಊರಿಗೆ ಬಂದೆ. ಊರು ಗುರುತು ಸಿಗದ ಹಾಗೆ ಬದಲಾಗಿತ್ತು. ಹೊಸದಾಗಿ ತೋಡಿದ ನಾಲೆಗೆ ನೀರು ಬಿಟ್ಟಿದ್ದರು. ರಾಗಿ, ಹುರುಳಿ ಬೆಳೆಯಲು ಮೋಡ ನೋಡಿಕೊಂಡು ಕೂರುತ್ತಿದ್ದ ಹೊಲಗಳು ಬತ್ತದ ಗದ್ದೆಯಾಗಿದ್ದವು, ಕಬ್ಬು ಆಳೆತ್ತರ ನಿಂತಿತ್ತು. ನಮ್ಮಪ್ಪ ಬೋರೇಗೌಡ ಐವತ್ತು ದಾಟಿದ ಮೇಲೆ ಮೊದಲ ಸಲ ಸ್ವಂತ ಗದ್ದೆಯ ಅಕ್ಕಿ ಉಂಡವನು. ನಾಲೆಯ ಕಡೆಗೆ ಕಾಲು ಚಾಚಿ ಕೂರುತ್ತಿರಲಿಲ್ಲ.

ಬರೀ ಗದ್ದೆಗೆ ನೀರು ಬಂದಿದ್ದರೆ ಅಪ್ಪನಿಗೆ ಸಮಾಧಾನವಾಗುತ್ತಿತ್ತೋ ಏನೋ. ಮೇಲಿನ ಗದ್ದೆಯ ಬಸಿನೀರು ನಮ್ಮ ಹಿತ್ತಲಿಗೂ ಇಳಿಯುತ್ತಿತ್ತು. ಅಪ್ಪ ಅಲ್ಲಿ ಒಂದು ಗುಂಡಿ ತೋಡಿ ಅದನ್ನು ನಿಲ್ಲಿಸಿದ್ದ. ಅಂಚಿಗೆ ಕೆಸ ಹಾಕಿದ್ದ, ಎಮ್ಮೆಯನ್ನು ಮಲಗಿಸುತ್ತಿದ್ದ. ಹಿಂದೆ ಒಂದು ಕೊಡ ನೀರಿಗೆ ಅವ್ವ ಊರಾಚೆ ನಡೆಯುತ್ತಿದ್ದ ಮನೆ ಅದು. ನಾನು ಬಂದ ದಿನ ಚೀಲ ಇಳಿಸುವ ಮೊದಲೇ ಅಪ್ಪ ನನ್ನನ್ನು ಕರೆದುಕೊಂಡು ಹೋಗಿ ಗುಂಡಿ ತೋರಿಸಿದ.

"ನೋಡ್ಲಾ ಮರಿ, ಬ್ಯಾಸ್ಗೇಲಿ ಇತ್ಲಲ್ಲಿ ನೀರು! ನಿಮ್ ಕಲ್ಕತ್ತದಲ್ಲಿ ಐತೇನ್ಲಾ ಇಂಥದ್ದು?"

ಕಲ್ಕತ್ತದಲ್ಲಿ ಇದಕ್ಕಿಂತ ದೊಡ್ಡ ದೊಡ್ಡ ಗುಂಡಿಗಳಿದ್ದವು. ಆದರೆ ಅಪ್ಪನ ಮುಖ ನೋಡಿ, ಇಲ್ಲ ಅಂದೆ.

ಕೆಲವು ವಾರ ಕಳೆದ ಮೇಲೆ ಒಂದು ಮಧ್ಯಾಹ್ನ ಊಟಕ್ಕೆ ಕೂತಿದ್ದಾಗ ಬೆನ್ನ ಹುರಿಯೊಳಗೆ ತಣ್ಣೀರು ಸುರಿದಂತಾಯಿತು. ಮುದ್ದೆ ಹಿಡಿದ ಕೈ ನಡುಗಿತು. ನಕ್ಕೆ, ನಿಜವಾಗಿ ನಕ್ಕೆ, ಏಕೆಂದರೆ ಹೊರಗೆ ಕಾಗೆ ಕೂಡ ನೆರಳು ಹುಡುಕುವ ಬಿಸಿಲು. ಸ್ವಲ್ಪ ಹೊತ್ತಿಗೆ ಮನೆಯಲ್ಲಿದ್ದ ಕಂಬಳಿ, ಕೌದಿ, ಗೋಣಿಚೀಲ ಎಲ್ಲ ನನ್ನ ಮೇಲಿದ್ದವು. ಅವುಗಳ ಮೇಲೆ ಅಪ್ಪ ಅಡ್ಡಬಿದ್ದು ನನ್ನನ್ನು ಒತ್ತಿ ಹಿಡಿದಿದ್ದ. ಆಮೇಲೆ ಮೈ ಕಾದ ಹೆಂಚಾಯಿತು. ಆಮೇಲೆ ಬೆವರು. ಸಂಜೆಗೆ ಏನೂ ಆಗದವನ ಹಾಗೆ ಎದ್ದು ಕೂತೆ. ಮಾರನೇ ದಿನ ಆರಾಮ. ಅದರ ಮಾರನೇ ದಿನ, ಅದೇ ಊಟದ ಹೊತ್ತಿಗೆ, ಮತ್ತೆ ಬಂತು. ಎಷ್ಟು ನಿಯತ್ತಿನ ಜ್ವರವೆಂದರೆ, ಹನಕೆರೆಗೆ ಬರುವ ರೈಲಾದರೂ ತಡವಾಗುತ್ತಿತ್ತು, ಇದು ತಡವಾಗುತ್ತಿರಲಿಲ್ಲ.

"ಕಲ್ಕತ್ತದ ನೀರು ಕಣಪ್ಪ, ಈಗ ಏಳ್ತಾ ಐತೆ" ಎಂದಳು ಅವ್ವ.

"ಕಲ್ಕತ್ತ ಬಿಟ್ಟು ಎಷ್ಟು ಕಾಲ ಆಯ್ತವ್ವ!"

"ಒಳ್ಗೇ ಕೂತಿರ್ತದೆ. ಸಮ್ದ್ರ ಬ್ಯಾರೆ ದಾಟಿದ್ದೀಯ."

ನಮ್ಮ ಬೀದಿಯಲ್ಲೇ ಮನೆಗೊಬ್ಬರು ಕಂಬಳಿಯೊಳಗಿದ್ದರು. ಪಕ್ಕದ ಮನೆಯ ಮುದುಕಿ ಮಳವಳ್ಳಿಯ ದಾರಿಯನ್ನೂ ಕಂಡವಳಲ್ಲ, ಅವಳಿಗೂ ಇದೇ ಜ್ವರ. ಅವಳು ಯಾವ ಸಮುದ್ರ ದಾಟಿದ್ದಳು ಎಂದು ಕೇಳಿದೆ. ನಾನು ತಂದದ್ದು ಅವಳಿಗೆ ಅಂಟಿತಂತೆ! ಅವಳ ಜ್ವರ ಶುರುವಾದದ್ದು ನಾನು ಊರಿಗೆ ಬರುವುದಕ್ಕೂ ಮೊದಲು ಎಂದರೆ, "ನಿನ್ ಜತೆ ವಾದ ಯಾರು ಮಾಡ್ತಾರೆ" ಎಂದು ಅವ್ವ ಎದ್ದು ಹೋದಳು.

ಮಂಡ್ಯದ ಆಸ್ಪತ್ರೆಗೆ ಹೋದೆ. ಔಷಧಿಗೆ ಸೀಸೆ ನಾವೇ ಒಯ್ಯಬೇಕಾಗಿತ್ತು, ಹಾಗಾಗಿ ಜಗಲಿಯ ತುಂಬ ಸೀಸೆ ಹಿಡಿದ ಜನ. ಎಣ್ಣೆಯ ಸೀಸೆ, ಸಾರಾಯಿಯ ಸೀಸೆ, ಪನ್ನೀರಿನ ಸೀಸೆ. ಅಲ್ಲಿ ಯಾರೂ ಯಾರನ್ನೂ ಏನು ಕಾಯಿಲೆ ಎಂದು ಕೇಳುತ್ತಿರಲಿಲ್ಲ. "ನಿಮ್ದು ಇವತ್ತಾ, ನಾಳೆನಾ?" ಎಂದು ಕೇಳುತ್ತಿದ್ದರು. ಇವತ್ತಿನವರನ್ನು ಗೋಡೆಯ ಬದಿಗೆ ಬಿಡುತ್ತಿದ್ದರು, ನಡುಗುವಾಗ ಒರಗಲು ಅನುಕೂಲ. ಆ ಪುಟ್ಟ ದಯೆ ನನಗೆ ಇಂದಿಗೂ ನೆನಪಿದೆ. ಗುರುತೇ ಇಲ್ಲದ ಒಬ್ಬಾಕೆ ತನ್ನ ಸೆರಗಿನ ಗಂಟಿನಿಂದ ಬೆಲ್ಲದ ಚೂರು ತೆಗೆದು ಕೈಗಿಟ್ಟಳು, "ಔಸ್ದಿ ಕುಡುದ್ ಮ್ಯಾಕೆ ಬಾಯ್ಗಾಕ್ಕಳಪ್ಪ, ಇಲ್ದಿದ್ರೆ ಜಲ್ಮ ಬ್ಯಾಡ ಅನ್ನಿಸ್ತದೆ" ಎಂದು.

ಡಾಕ್ಟರು ಕನ್ನಡಕದ ಸಣ್ಣ ಮನುಷ್ಯ. ನನ್ನನ್ನು ಮಲಗಿಸಿ, ಎಡಗಡೆ ಪಕ್ಕೆಲುಬಿನ ಕೆಳಗೆ ಬೆರಳು ಒತ್ತಿ, ಹಾಗೇ ಹೊಕ್ಕುಳಿನ ಕಡೆಗೆ ಸರಿಸಿಕೊಂಡು ಬಂದರು. ಅರ್ಧ ದಾರಿಗೆ ಬೆರಳು ನಿಂತಿತು.

"ಜ್ವರಗಡ್ಡೆ ಚೆನ್ನಾಗಿ ಬೆಳೆದಿದೆ, ಚಳಿಜ್ವರಕ್ಕೆ ಗುಲ್ಮ ಊದಿಕೊಂಡಿದೆ. ಏನಪ್ಪಾ ಕೆಲಸ?"

"ಫುಟ್‌ಬಾಲ್ ಆಡ್ತೀನಿ ಸ್ವಾಮಿ. ಬ್ಯಾಕ್."

ಅವರು ಕನ್ನಡಕ ತೆಗೆದು ಒರೆಸಿಕೊಂಡರು. "ಇದು ಹೀಗಿರುವಾಗ ಒಂದು ಚೆಂಡು ಇಲ್ಲಿಗೆ ಬಿದ್ದರೆ, ಗಡ್ಡೆ ಒಡೆದು ನೀನು ಅಲ್ಲೇ ಸಾಯ್ತೀಯ. ಕ್ವಿನೈನ್ ತಗೋ. ಗಡ್ಡೆ ಪಕ್ಕೆಯೊಳಗೆ ಹೋಗೋವರೆಗೂ ಮೈದಾನದ ಕಡೆ ತಲೆ ಹಾಕಬೇಡ."

ನನಗೆ ಭಯವಾಯಿತು. ಅದನ್ನು ಮುಚ್ಚಿಡುವುದಿಲ್ಲ. ಸಾಯುವ ಭಯಕ್ಕಿಂತ ಮೊದಲು ಬಂದದ್ದು ಬೇರೆ ಭಯ: ಚೆಂಡಿಗೆ ಅಡ್ಡ ನಿಲ್ಲುವುದು ಬಿಟ್ಟರೆ ನನಗೆ ಈ ಲೋಕದಲ್ಲಿ ಇನ್ನೇನು ಬರುತ್ತದೆ? ನೂಲು ಸುತ್ತುವುದೂ ಸರಿಯಾಗಿ ಬಾರದು, ನೇಗಿಲು ಹಿಡಿದರೆ ಸಾಲು ಸೊಟ್ಟಗಾಗುತ್ತದೆ.

ಏಳುವಾಗ ಡಾಕ್ಟರು ಕೇಳಿದರು: "ಮನೆ ಹತ್ತಿರ ನಿಂತ ನೀರಿದೆಯಾ?" ಇದೆ ಅಂದೆ. "ಅದನ್ನ ಮುಚ್ಚಿಸು. ಇಲ್ಲದಿದ್ದರೆ ನಾನು ಕೊಡ್ತಾ ಇರ್ತೀನಿ, ಸೊಳ್ಳೆ ಕಚ್ಚುತಾ ಇರುತ್ತೆ."

ಮನೆಗೆ ಬಂದು ಹೇಳಿದೆ. ಅಪ್ಪ ಎಲೆಯಡಿಕೆ ಉಗಿದು ಬಂದು ಕೂತ.

"ಸೊಳ್ಳೆ ಇಷ್ಟಿರ್ತದೆ. ಗಡ್ಡೆ ಅಷ್ಟೈತೆ ಅಂತೀಯ. ಇಷ್ಟಿರೋದು ಅಷ್ಟುದ್ದ ಗಡ್ಡೆ ಮಡಗ್ತದಾ?"

"ಡಾಕ್ಟ್ರು ಯೋಳಿದ್ದು ಕಣಪ್ಪ."

"ಡಾಕ್ಟ್ರು ರಾಗಿ ಒಲ ಕಂಡವ್ರಾ? ನೀರಿಲ್ದೆ ನಿಮ್ ತಾತ ದನ ಮಾರಿದ್ದು ಕಂಡವ್ರಾ? ನಾಲೆ ಅನ್ನ ಕೊಟ್ಟೈತೆ. ಅದ್ರ ಮ್ಯಾಲೆ ತಪ್ಪೊರ್ಸ್‌ಬ್ಯಾಡ ಕಣ್ಲಾ, ಒಳ್ಳೇದಾಗಾಕಿಲ್ಲ."

"ನಾಲೆ ಮುಚ್ಚು ಅಂದ್ನಾ? ಇತ್ಲು ಗುಂಡಿ ಮುಚ್ಚು ಅಂದೆ."

"ಎಲ್ಡೂ ಒಂದೇ ನೀರು."

ಅಲ್ಲಿಗೆ ಮಾತು ಮುಗಿಯಿತು. ನಾನೇ ಸನಿಕೆ ಹಿಡಿದು ಹಿತ್ತಲಿಗೆ ಹೋಗಬಹುದಿತ್ತಲ್ಲ ಎನ್ನುವಿರಿ. ಹೋದೆ. ಹತ್ತು ಮಂಕರಿ ಮಣ್ಣು ಎತ್ತುವಷ್ಟರಲ್ಲಿ ಎಡಪಕ್ಕೆ ಕಿತ್ತು ಬರುವಂತಾಗಿ ಅಲ್ಲೇ ಕುಕ್ಕರುಗಾಲಲ್ಲಿ ಕೂತೆ. ಮಾರನೇ ದಿನ ಆ ಹತ್ತು ಮಂಕರಿಯನ್ನೂ ಅಪ್ಪ ಮತ್ತೆ ಎತ್ತಿ ಹೊರಗೆ ಹಾಕಿದ್ದ. ಸೊಳ್ಳೆ ಪರದೆಯೊಂದನ್ನು ಕೊಂಡು ತಂದೆ. ಅವ್ವ ಅದನ್ನು ಕೋಳಿಮರಿಗಳ ಮೇಲೆ ಹೊದಿಸಿ ಹದ್ದಿನಿಂದ ಕಾಪಾಡಿದಳು. ಸಾಲದ್ದಕ್ಕೆ ಹೊಟ್ಟೆಯ ಮೇಲೆ ಬರೆ ಹಾಕಿಸೋಣ ಎಂದು ಒಬ್ಬನನ್ನು ಕರೆಸಿದ್ದಳು. ಕಾದ ಕಬ್ಬಿಣ ಕಂಡು, ಎಷ್ಟೋ ವಾರಗಳ ಮೇಲೆ ಓಡಿದೆ.

ಬರೆ ತಪ್ಪಿದ ಮೇಲೆ ಅವ್ವನ ಬುದ್ಧಿ ಬೇರೆ ಕಡೆ ಹರಿಯಿತು. ಹೊತ್ತು ಕಟ್ಟಿ ಬರುವ ಜ್ವರಕ್ಕೆ ನಮ್ಮ ಕಡೆ ಒಂದು ಉಪಾಯವಿದೆ: ಅದು ಬರುವ ಹೊತ್ತಿಗೆ ನಾವು ಮನೆಯಲ್ಲಿ ಇರಬಾರದು. ಬಂದು ನೋಡುತ್ತದೆ, ಆಸಾಮಿ ಇಲ್ಲ, ವಾಪಸು ಹೋಗುತ್ತದೆ. ಒಂದೆರಡು ಸಲ ಹೀಗೆ ಸುಮ್ಮನೆ ತಿರುಗಿಸಿದರೆ ಬೇಸತ್ತು ಮನೆಯ ದಾರಿ ಮರೆಯುತ್ತದೆ. ಕಂದಾಯ ಕೇಳಲು ಬರುವ ಅಮಲ್ದಾರರ ಕಚೇರಿಯ ಜವಾನನಿಗೆ ಮಾಡುವ ಉಪಾಯವೇ ಜ್ವರಕ್ಕೂ.

ಮೊದಲು ಮದ್ದೂರಿಗೆ. ಅಲ್ಲಿ ನಮ್ಮ ಸೋದರತ್ತೆಯ ಮನೆ, ಹಾಗೇ ವೈದ್ಯನಾಥಪುರಕ್ಕೆ ಹೋಗಿ ಕೈ ಮುಗಿದು ಬಾ ಎಂದಳು. ಜ್ವರಕ್ಕೆ ಗೊತ್ತಾಗಬಾರದೆಂದು ನನ್ನನ್ನು ಹಿತ್ತಲ ಬಾಗಿಲಿಂದ ಕಳಿಸಿದಳು, ಅಂದರೆ ಆ ಗುಂಡಿಯ ಪಕ್ಕದಿಂದಲೇ! ಹನಕೆರೆಯಲ್ಲಿ ರೈಲು ಹತ್ತಿದೆ. ಜ್ವರವೂ ಹತ್ತಿರಬೇಕು. ಮದ್ದೂರು ಪ್ಲಾಟ್‌ಫಾರಮ್ಮಿನ ಬೆಂಚಿನ ಮೇಲೆ ನನ್ನನ್ನು ಹಿಡಿದು ಅಲುಗಾಡಿಸಿಬಿಟ್ಟಿತು. ಕಲ್ಕತ್ತದಿಂದ ರಂಗೂನಿನವರೆಗೆ ಬಿಳಿಯರನ್ನು ತಡೆದು ನಿಲ್ಲಿಸಿದ ಬ್ಯಾಕು, ಸ್ಟೇಷನ್ನಿನ ಯಾರೋ ಹೊದಿಸಿದ ಅಕ್ಕಿಮೂಟೆಯ ಗೋಣಿಯೊಳಗೆ ಮುದುರಿ ಮಲಗಿದ್ದ. ಚೇತರಿಸಿಕೊಂಡು ದೇವಸ್ಥಾನಕ್ಕೂ ಹೋದೆ. ದೇವರ ಹೆಸರೇ ವೈದ್ಯನಾಥ. ಅವನ ಮುಂದೆ ನಿಂತು ಒಳಗೇ ಹೇಳಿದೆ: ಸ್ವಾಮಿ, ನನ್ನ ಗಡ್ಡೆ ಆಮೇಲೆ ನೋಡು, ಮೊದಲು ನಮ್ಮಪ್ಪನ ತಲೆಗೆ ಔಷಧಿ ಕೊಡು.

ಮದ್ದೂರು ಹತ್ತಿರವಾಯಿತು, ಜ್ವರ ಹಿಂಬಾಲಿಸಿತು ಎಂದು ಅವ್ವ ಲೆಕ್ಕ ಹಾಕಿದಳು. ಈ ಸಲ ಮಳವಳ್ಳಿಗೆ, ಅಕ್ಕ ನಿಂಗಮ್ಮನ ಮನೆಗೆ. ಬಸ್ಸಿನಲ್ಲಿ ಅರ್ಧ ದಾರಿಗೆ ಬಂತು. ನಾನು ನಡುಗುವ ರಭಸಕ್ಕೆ ಸೀಟೇ ನಡುಗಿ, ಪಕ್ಕದಲ್ಲಿದ್ದ ಹೆಂಗಸು ನನ್ನ ಮೈಮೇಲೆ ದೇವರು ಬಂದಿದೆಯೆಂದು ಕೈ ಮುಗಿದು, ಮಗಳ ಮದುವೆ ಯಾವಾಗ ಎಂದು ಕೇಳಿದಳು. "ಗೊತ್ತಿಲ್ಲ ತಾಯಿ, ಬುಟ್‌ಬುಡು" ಅಂದೆ. ಅವಳಿಗೆ ಅದರಲ್ಲೂ ಏನೋ ಅರ್ಥ ಸಿಕ್ಕಿರಬೇಕು, ಒಂದು ಬಾಳೆಹಣ್ಣು ಕೊಟ್ಟು ಇಳಿದು ಹೋದಳು.

ಅಕ್ಕ ನನಗಿಂತ ದೊಡ್ಡವಳು, ಬಾಯಿಯೂ ನನಗಿಂತ ದೊಡ್ಡದು. ನನ್ನ ಮುಖ ನೋಡಿದ್ದೇ, "ಇನ್ನು ಅಲ್ಲಿಗ್ ಓಗ್ಬ್ಯಾಡ. ಇಲ್ಲೇ ಬಿದ್ಕ" ಎಂದಳು. ಅವರ ಕಡೆಗೆ ಆಗಿನ್ನೂ ನಾಲೆ ನೀರು ಮುಟ್ಟಿರಲಿಲ್ಲ. ಮನೆಯ ಸುತ್ತ ಒಣನೆಲ, ರಾತ್ರಿ ಕಿವಿಯಲ್ಲಿ ಗುಂಯ್ ಎನ್ನುವುದು ಸೊಳ್ಳೆಯಲ್ಲ, ಕಿವಿ ಮೊರೆಸುವ ಕ್ವಿನೈನ್ ಮಾತ್ರ. ಅದನ್ನು ಅಕ್ಕ ದಿನವೂ ಎದುರಿಗೆ ನಿಂತು ಕುಡಿಸಿದಳು, ಮೂಗು ಹಿಡಿದು. ಕೆಲವು ವಾರದಲ್ಲಿ ಜ್ವರ ನಿಂತಿತು. ಗಡ್ಡೆ ಇಳಿಯತೊಡಗಿತು. ಒಂದು ಬೆಳಗ್ಗೆ ಎದ್ದು ಹೊಟ್ಟೆ ಒತ್ತಿ ನೋಡಿಕೊಂಡಾಗ ಅದು ಪಕ್ಕೆಯ ಹತ್ತಿರ ಸರಿದಿತ್ತು. ಎಷ್ಟು ಖುಷಿಯಾಯಿತೆಂದರೆ ಅಕ್ಕನ ಅಂಗಳದಲ್ಲಿದ್ದ ತೆಂಗಿನಕಾಯಿಯೊಂದನ್ನು ಒದ್ದು ಕಾಲು ಊದಿಸಿಕೊಂಡೆ.

ಈ ಸುದ್ದಿ ಊರಿಗೆ ಮುಟ್ಟಿತು. ಅವ್ವ ತಾನೇ ಬಸ್ಸು ಹತ್ತಿ ಬಂದಳು, ಮುಖ ಅರಳಿಸಿಕೊಂಡು.

"ನಾನ್ ಯೋಳ್ಲಿಲ್ವಾ? ಜರಕ್ಕೆ ದಾರಿ ತೆಪ್ಪೋಯ್ತು! ನಡಿಯಪ್ಪ ಮನೀಗೆ."

"ಅವ್ವೋ, ಜರ ಅಲ್ಲೇ ಇತ್ಲಲ್ ಕೂತೈತೆ!" ಎಂದು ಅಕ್ಕ ಕೂಗಾಡಿದಳು. "ಅಪ್ಪನ ಗುಂಡಿ ಮುಚ್ಚೋಗಂಟ ಕಳ್ಸಾಕಿಲ್ಲ."

"ಅಕ್ಕನ್ ಮನ್ಲಿ ಎಷ್ಟು ದಿನ ಇರ್ತಾನೆ? ನೋಡೋರು ಏನಂದಾರು?"

ನೋಡುವವರಿಗಾಗಿ ನಾನು ಊರಿಗೆ ಹೋದೆ. ಕೆಲವು ವಾರಕ್ಕೆ ಜ್ವರ ಸರಿಯಾಗಿ ಊಟದ ಹೊತ್ತಿಗೆ ಬಂದು ನನ್ನನ್ನು ವಿಚಾರಿಸಿಕೊಂಡಿತು. ಕಂಬಳಿಯ ಮೇಲೆ ಅಪ್ಪ ಬಿದ್ದಿದ್ದ, ಕೆಳಗೆ ನಾನು ಹಲ್ಲು ಕಡಿಯುತ್ತಾ ನಾಲೆಗೆ, ಸೊಳ್ಳೆಗೆ, ಅಪ್ಪನಿಗೆ ಎಲ್ಲರಿಗೂ ಸೇರಿಸಿ ಬೈಯುತ್ತಿದ್ದೆ. ಕಂಬಳಿ ದಪ್ಪ, ಏನೂ ಕೇಳಿಸಲಿಲ್ಲ.

ಆ ದಿನಗಳಲ್ಲೇ ನಮ್ಮ ಟೀಮಿನ ಕ್ಯಾಪ್ಟನ್ ರತ್ನಂ ಬೆಂಗಳೂರಿನಿಂದ ನನ್ನನ್ನು ನೋಡಲು ಬಂದ. ಮಳೆ ಮುಗಿದ ಮೇಲೆ ಆಟ ಶುರು, ನೀನು ಬರದಿದ್ದರೆ ಗಣಿ ಕಡೆಯ ಒಬ್ಬ ಬ್ಯಾಕ್ ತಯಾರಿದ್ದಾನೆ, ನಾನು ಎಷ್ಟು ದಿನ ಜಾಗ ಹಿಡಿದಿಡಲಿ ಎಂದ. ಒಳ್ಳೆಯ ಮನುಷ್ಯ, ಹೇಳುವಾಗ ನನ್ನ ಮುಖ ನೋಡಲಿಲ್ಲ. ಅಪ್ಪ ಕಬ್ಬು ತಂದು ಅವನ ಮುಂದಿಟ್ಟು ಕೂತ. ನನ್ನ ಆಟವನ್ನು ಅಪ್ಪ ಒಂದು ಸಲವೂ ನೋಡಿದವನಲ್ಲ.

"ಅಲ್ಲಾ ಸ್ವಾಮಿ, ನಮ್ ಮಗ ಅಲ್ಲಿ ಏನ್ ಮಾಡ್ತಾನೆ? ಗೋಲು ಒಡೀತಾನಾ?"

"ಇಲ್ಲ ಗೌಡ್ರೆ. ಹೊಡೆಯೋಕೆ ಬರೋರನ್ನ ತಡೀತಾನೆ."

"ಬರೀ ತಡ್ಯಾಕೆ ಸಂಬ್ಳವಾ! ನಾನೂ ದಿನಾ ಗದ್ದೆ ಬದ ಕಟ್ಟಿ ನೀರು ತಡೀತೀನಿ. ನಂಗ್ಯಾರ್ ಕೊಡ್ತಾರೆ?"

ರತ್ನಂ ನಗಲಿಲ್ಲ. ಕಬ್ಬು ಕೆಳಗಿಟ್ಟು ಹೇಳಿದ: "ಬದ ಅಂದ್ರಲ್ಲ, ಸರಿಯಾಗಿ ಅಂದ್ರಿ. ಇವನು ನಿಂತಿದ್ರೆ ನಾವು ಮುಂದೆ ಹೋಗಿ ಧೈರ್ಯವಾಗಿ ಆಡ್ತೀವಿ. ಇವನಿಲ್ಲದ ಕಡೆ ನಾನು ಹಿಂದೆ ತಿರುಗಿ ತಿರುಗಿ ನೋಡ್ತಾ ಇರ್ತೀನಿ. ಆದರೆ ಈ ಹೊಟ್ಟೆ ಇಟ್ಕೊಂಡು ಬಂದ್ರೆ ಬೇಡ. ಚೆಂಡು ಬಿದ್ದು ಇವನು ಸತ್ರೆ ನಾನು ನಿಮಗೆ ಏನು ಹೇಳಲಿ?"

ಅಪ್ಪ ವಲ್ಲಿ ಹೆಗಲಿಗೆ ಹಾಕಿಕೊಂಡ. ಎದ್ದು ಗದ್ದೆಗೆ ಹೋದ. ರತ್ನಂನನ್ನು ಸ್ಟೇಷನ್ನಿಗೆ ಬಿಟ್ಟು ಬರುವಾಗ ನನಗೆ ಅಳು ಬಂತು, ಅತ್ತೆ. ಸಿಟ್ಟಿಗೆ ಬಂದ ಅಳು ಅದು. ಅಷ್ಟು ಊರು ಸುತ್ತಿ, ಅಷ್ಟು ಜನರನ್ನು ತಡೆದು, ಕೊನೆಗೆ ಒಂದು ಎಮ್ಮೆಗುಂಡಿಗೆ ಸೋತೆನಲ್ಲ!

ನನ್ನ ಜ್ವರದ ದಿನ ಅಪ್ಪ ಮನೆಯಲ್ಲೇ ಇದ್ದು ನನ್ನನ್ನು ಒತ್ತಿ ಹಿಡಿಯುತ್ತಿದ್ದ. ನಾನು ಆರಾಮಾಗಿರುವ ದಿನ ಮಧ್ಯಾಹ್ನವಾಗುವ ಮೊದಲೇ, "ನೀರ್ ಕಟ್‌ಬೇಕು" ಎಂದು ಗದ್ದೆಗೆ ಹೋಗಿ ಸಂಜೆಗೆ ಬರುತ್ತಿದ್ದ. ನನ್ನ ಕೊರಗಿನಲ್ಲಿ ಅದನ್ನು ಯೋಚಿಸಿರಲಿಲ್ಲ. ರತ್ನಂ ಬಂದು ಹೋದ ಮೇಲೆ ಅಂಥದ್ದೊಂದು ಆರಾಮದ ದಿನ ಅಪ್ಪ ಬುತ್ತಿ ಮರೆತು ಹೋಗಿದ್ದ. ನಾನು ತೆಗೆದುಕೊಂಡು ಹೋದೆ. ಗದ್ದೆಯಲ್ಲಿ ಯಾರೂ ಇಲ್ಲ. ಕೂಗಿದೆ. ಕಬ್ಬಿನ ಒಳಗಿನಿಂದ ಏನೋ ಸರಬರ ಸದ್ದು. ಕಾಡುಹಂದಿ ಇರಬಹುದೆಂದು ಕಲ್ಲು ಹಿಡಿದು ಒಳಗೆ ನುಗ್ಗಿದೆ.

ಕಬ್ಬಿನ ಸೋಗೆ ರಾಶಿ ಹಾಕಿ, ಅದರೊಳಗೆ ಕಂಬಳಿ ಸುತ್ತಿಕೊಂಡು ಅಪ್ಪ ಮಲಗಿದ್ದ. ಸೋಗೆಯೆಲ್ಲ ನಡುಗುತ್ತಿತ್ತು. ಹಲ್ಲು ಸದ್ದಾಗದಿರಲೆಂದು ಬಾಯಿಗೆ ಟವಲು ಕಚ್ಚಿಕೊಂಡಿದ್ದ.

ಬುತ್ತಿ ಎಸೆದು ಅವನ ಮೇಲೆ ಅಡ್ಡಬಿದ್ದೆ. ಒಳಗೆ ಮೂಳೆ ಮೂಳೆ ಸಿಕ್ಕಿತು. ಇಷ್ಟು ತೂಕದ ಮನುಷ್ಯನೇ ನನ್ನನ್ನು ಒತ್ತಿ ಹಿಡಿಯುತ್ತಿದ್ದದ್ದು?

"ಎಷ್ಟು ದಿವ್ಸದಿಂದ?"

ಟವಲು ಬಾಯಿಂದ ಬಿತ್ತು. "ನಿಮ್ಮವ್ವಂಗ್ ಯೋಳ್‌ಬ್ಯಾಡ."

"ಎಷ್ಟು ದಿವ್ಸದಿಂದ ಅಂತ ಕೇಳ್ದೆ!"

"ಓದೊರ್ಸದಿಂದ... ಬತ್ತದೆ, ಓಯ್ತದೆ."

ಅಂದರೆ ನಾನು ಊರಿಗೆ ಬರುವುದಕ್ಕೂ ಮೊದಲಿನಿಂದ! ನನ್ನ ಬಾಯಿಗೆ ಬಂದದ್ದನ್ನೆಲ್ಲ ಆ ಕಬ್ಬಿನೊಳಗೆ ಬೈದೆ. ಅಪ್ಪನಿಗೆ ಹಾಗೆಲ್ಲ ಮಾತಾಡಬಾರದು, ಆದರೆ ಮಾತಾಡಿದೆ. ನನ್ನನ್ನು ಮದ್ದೂರಿಗೆ ಓಡಿಸಿದಿರಿ, ಮಳವಳ್ಳಿಗೆ ಓಡಿಸಿದಿರಿ, ಕಲ್ಕತ್ತದ ಮೇಲೆ ತಪ್ಪು ಹಾಕಿದಿರಿ, ಎಲ್ಲ ಕೇಳಿಕೊಂಡು ನೀನು ಸುಮ್ಮನೆ ಕೂತಿದ್ದೆಯಲ್ಲ ಎಂದು ಕೂಗಿದೆ. ಅವನು ಕೆಳಗಿನಿಂದ ನಡುಗುತ್ತಲೇ ಹೇಳಿದ:

"ಬಡ್ಕಬ್ಯಾಡ ಕಣ್ಲಾ. ನೀರು ಕೇಳಿಸ್ಕತದೆ."

ಮಾರನೇ ದಿನ ನನ್ನ ಸರದಿಯಿದ್ದರೂ ಬೆಳಗ್ಗೆಯೇ ಗಾಡಿ ಕಟ್ಟಿಸಿ ಅವನನ್ನು ಮಂಡ್ಯಕ್ಕೆ ಎಳೆದುಕೊಂಡು ಹೋದೆ. ಆಸ್ಪತ್ರೆಯ ಜಗಲಿಯಲ್ಲಿ ನಮ್ಮೂರಿನ ಒಬ್ಬ ಸೀಸೆ ಹಿಡಿದು ಕೂತಿದ್ದ. "ಏನ್ ಗೌಡ್ರೆ, ಇತ್ಲಾಗೆ?" ಎಂದ. ಅಪ್ಪ ಬಗಲಲ್ಲಿದ್ದ ಎರಡು ಸೀಸೆಯನ್ನು ವಲ್ಲಿಯೊಳಗೆ ಸರಿಸಿ ಹೇಳಿದ:

"ಮಗುಂಗೆ ಕಣಪ್ಪ. ಚೆಂಡಾಡಿ ಮೈ ಕೆಡಿಸ್ಕಂಡವ್ನೆ."

ನಾನು ಅವನ ರಟ್ಟೆ ಹಿಡಿದು ಒಳಗೆ ಕರೆದುಕೊಂಡು ಹೋದೆ. ಡಾಕ್ಟರು ಅಪ್ಪನನ್ನು ಮಲಗಿಸಿ ಪಕ್ಕೆಯಿಂದ ಬೆರಳು ಸರಿಸಿದರು. ನನ್ನದು ನಿಂತ ಜಾಗ ದಾಟಿತು, ಹೊಕ್ಕುಳು ದಾಟಿತು. ಅವರು ನನ್ನ ಕೈ ಹಿಡಿದು ಅಪ್ಪನ ಹೊಟ್ಟೆಯ ಮೇಲೆ ಇಟ್ಟರು, ಆಮೇಲೆ ಅಪ್ಪನ ಕೈಯನ್ನು ನನ್ನ ಹೊಟ್ಟೆಯ ಮೇಲೆ ಇಟ್ಟರು. ಇಬ್ಬರಿಗೂ ಒಂದೇ ಗಟ್ಟಿ ಅಂಚು ಸಿಕ್ಕಿತು. ಅಪ್ಪ ಕೈ ತೆಗೆಯಲು ತುಂಬ ಹೊತ್ತು ಮಾಡಿದ.

"ಗೌಡರು ಕಲ್ಕತ್ತಕ್ಕೆ ಹೋಗಿದ್ದರೋ?" ಎಂದು ಅವ್ವನ ವಾದವನ್ನು ನನ್ನಿಂದ ತಿಳಿದಿದ್ದ ಡಾಕ್ಟರು ಕೇಳಿದರು. ಅಪ್ಪ ಅಂಗಿಯ ಗುಂಡಿ ಹಾಕಿಕೊಳ್ಳುತ್ತಾ, ಈ ವರ್ಷ ಕಬ್ಬು ಚೆನ್ನಾಗಿದೆ ಎಂದ.

ಆ ಮಧ್ಯಾಹ್ನ ಮನೆಯಲ್ಲಿ ನನ್ನ ಜ್ವರ, ಅದರ ಮಾರನೇ ದಿನ ಅವನದು. ಅದು ಕಳೆದ ಬೆಳಗ್ಗೆ ಧಪ್ ಧಪ್ ಎನ್ನುವ ಸದ್ದಿಗೆ ಎಚ್ಚರವಾಗಿ ಹಿತ್ತಲಿಗೆ ಹೋದೆ. ಎಮ್ಮೆಯನ್ನು ಹಲಸಿನ ಮರಕ್ಕೆ ಕಟ್ಟಿ ಆಗಿತ್ತು. ಕೆಸ ಕಿತ್ತು ಬದಿಗೆ ಜೋಡಿಸಿ ಆಗಿತ್ತು. ಅಪ್ಪ ಗುಂಡಿಯ ಏರಿ ಒಡೆದು ನೀರು ಬಿಟ್ಟು, ಮಂಕರಿ ಮಂಕರಿ ಮಣ್ಣು ತಂದು ಸುರಿಯುತ್ತಿದ್ದ. ಮಧ್ಯೆ ಮಧ್ಯೆ ಎಡಪಕ್ಕೆ ಹಿಡಿದು ನಿಲ್ಲುತ್ತಿದ್ದ. ಬೇರೆಯವರು ತೋಡಿದ ಗುಂಡಿಯಾಗಿದ್ದರೆ ಅಷ್ಟು ಹೊತ್ತು ನಿಲ್ಲುತ್ತಿರಲಿಲ್ಲ ಎಂದು ನನಗೆ ಅನ್ನಿಸಿತು. ನಾನೊಂದು ಮಂಕರಿ ತೆಗೆದುಕೊಂಡೆ.

"ನೀನ್ ಬ್ಯಾಡ. ಗಡ್ಡೆ ಐತೆ."

"ನಿಂಗಿಲ್ವಾ?"

"ನಾನೇನ್ ಚೆಂಡಾಡ್ತೀನಾ?" ಎಂದು ಇನ್ನೊಂದು ಮಂಕರಿ ಸುರಿದ. ಆಮೇಲೆ, ನಾನು ಏನೂ ಕೇಳದಿದ್ದರೂ, ನನ್ನ ಕಡೆ ನೋಡದೆ ಹೇಳಿದ: "ಕಪ್ಪೆ ಕಾಟ ಕಣ್ಲಾ. ರಾತ್ರಿಯೆಲ್ಲ ವಟವಟ. ನಿದ್ದೇನೆ ಬರಾಕಿಲ್ಲ."

ಗುಂಡಿ ಮುಚ್ಚಿದ್ದರಿಂದ ಊರಿನ ಜ್ವರ ಹೋಗಲಿಲ್ಲ. ಗದ್ದೆಯಿತ್ತು, ನಾಲೆಯಿತ್ತು, ಊರ ತುಂಬ ನಮ್ಮದರಂಥ ಗುಂಡಿಗಳಿದ್ದವು. ಆದರೆ ನಮ್ಮ ಹಿತ್ತಲು ಒಣಗಿತು, ಕೋಳಿಮರಿಗಳಿಂದ ಪರದೆಯನ್ನು ಕಿತ್ತುಕೊಂಡೆವು, ಮಳೆಗಾಲ ಮುಗಿಯುವವರೆಗೆ ಇಬ್ಬರೂ ಎದುರುಬದುರು ಕೂತು ಕ್ವಿನೈನ್ ಕುಡಿದೆವು. ಅಪ್ಪ ಕುಡಿಯುವುದಕ್ಕೂ ಒಂದು ಕಾರಣವಿತ್ತು: ತಂದ ಔಷಧಿಯನ್ನು ಚೆಲ್ಲಬಾರದಂತೆ! ಮಳೆ ಮುಗಿಯುವ ಹೊತ್ತಿಗೆ ಡಾಕ್ಟರು ನನ್ನ ಪಕ್ಕೆ ಒತ್ತಿ, ಮತ್ತೆ ಒತ್ತಿ, ಬೆರಳಿಗೆ ಏನೂ ಸಿಗದೆ, "ಹೋಗು" ಎಂದರು. ಅಷ್ಟು ಚಿಕ್ಕ ಮಾತಿಗೆ ನಾನು ಅವರ ಕಾಲು ಮುಟ್ಟಿದೆ.

ರತ್ನಂ ನನ್ನ ಜಾಗ ಹಿಡಿದಿಟ್ಟಿದ್ದ. ಬೆಂಗಳೂರಿನ ಮೊದಲ ಮ್ಯಾಚಿನಲ್ಲೇ ಒಬ್ಬ ಸೋಲ್ಜರು ಹತ್ತಿರದಿಂದ ಬಾರಿಸಿದ ಚೆಂಡು ನೇರ ನನ್ನ ಎಡಹೊಟ್ಟೆಗೆ ಬಂತು. ಸರಿದುಕೊಳ್ಳಲು ಸಮಯವಿತ್ತು. ಕಾಲು ಸರಿಯಲಿಲ್ಲ. ಬಿದ್ದೆ. ಉಸಿರು ಬಿಗಿಹಿಡಿದು ಹುಲ್ಲಿನ ಮೇಲೆ ಮಲಗಿ ಒಳಗೆ ಏನಾದರೂ ಒಡೆಯುತ್ತದೆಯೋ ಎಂದು ಕಾದೆ. ರತ್ನಂ ಓಡಿ ಬಂದು ಬಗ್ಗಿ ನೋಡಿದ, ಅವನ ಮುಖ ಬಿಳಿಚಿತ್ತು. ಏನೂ ಒಡೆಯಲಿಲ್ಲ. ಹೊಟ್ಟೆ ಉರಿಯುತ್ತಿತ್ತು, ಅಷ್ಟೇ. ಎದ್ದು ನಿಂತೆ. ಆಮೇಲೆ ಇನ್ನೂ ಎಷ್ಟೋ ವರ್ಷ, ಎಷ್ಟೋ ಊರಿನಲ್ಲಿ ಹಾಗೇ ನಿಂತೆ.

ರಜೆಯಲ್ಲಿ ಊರಿಗೆ ಬಂದಾಗ ಇದನ್ನು ಅಪ್ಪನಿಗೆ ಹೇಳಿದೆ. ಅವನು ಗುಂಡಿಯಿದ್ದ ಜಾಗದಲ್ಲಿ ಹೊರಸು ಹಾಕಿಕೊಂಡು, ಪರದೆಯ ಅಂಚನ್ನು ಒಳಗೆ ಸಿಕ್ಕಿಸುತ್ತಿದ್ದ. ಅವನ ಗಡ್ಡೆ ಪೂರ್ತಿ ಇಳಿಯಲೇ ಇಲ್ಲ, ಕೊನೆಯವರೆಗೂ ಪಕ್ಕದಲ್ಲಿ ಉಳಿಯಿತು. ನನ್ನ ಅಂಗಿ ಎತ್ತಿಸಿ, ಚೆಂಡು ಬಿದ್ದ ಜಾಗವನ್ನು ಡಾಕ್ಟರ ಹಾಗೆಯೇ ಬೆರಳಿಂದ ಒತ್ತಿ ಒತ್ತಿ ನೋಡಿದ. ಬೆರಳಿಗೆ ಏನೂ ಸಿಗಲಿಲ್ಲ. ಅಂಗಿ ಇಳಿಸಿದ.

"ಕಪ್ಪೆ ಓದ್ ಮ್ಯಾಕೆ ಒಳ್ಳೆ ನಿದ್ದೆ ಬತ್ತದೆ ಕಣ್ಲಾ" ಎಂದ.

ನಾಲಿಗೆಯ ತುದಿಗೆ ಎಷ್ಟೆಲ್ಲ ಬಂದಿತ್ತು. ಮದ್ದೂರಿನ ಬೆಂಚು, ಮಳವಳ್ಳಿಯ ಬಸ್ಸು, ಕಬ್ಬಿನ ಸೋಗೆ, ಎಲ್ಲ.

"ಊಂ ಕಣಪ್ಪ" ಅಂದೆ. "ಕಪ್ಪೆ ಕಾಟ ಜಾಸ್ತಿಯಾಗಿತ್ತು."